ತುಳಸಿ ಎಲೆಯ ನಾಲ್ಕು ಕೋಶಗಳು

ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ನನಗೆ ಪ್ರಾಣ. ಅದರಲ್ಲೂ ಎಲೆಯ ಮೇಲ್ಮೈ ನೋಡುವ ದಿನಕ್ಕೆ ಕಾಯುತ್ತಿದ್ದೆ. "ಮೊದಲು ಎಲೆ ನೋಡಿ, ಹೆಸರು ಆಮೇಲೆ ಕಲಿಯೋಣ" ಎನ್ನುತ್ತಿದ್ದರು ನಮ್ಮ ಮೇಡಂ.

ತುಳಸಿ ಎಲೆಯನ್ನು ಕ್ಯಾರೆಟ್ ತುಂಡುಗಳ ನಡುವೆ ಇಟ್ಟು ಬ್ಲೇಡಿನಿಂದ ತೆಳ್ಳಗೆ ಕೊಯ್ಯುತ್ತಿದ್ದೆವು. ಸಫ್ರಾನಿನ್ ಬಣ್ಣ ಹಾಕಿ, ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟು ಕವರ್ ಸ್ಲಿಪ್ ಮುಚ್ಚುವುದು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಎಣ್ಣೆ ಗ್ರಂಥಿ, ಅಂದರೆ ಎಲೆಯ ಮೇಲೆ ಎಣ್ಣೆ ತಯಾರಿಸುವ ಪುಟ್ಟ ರೋಮ, ಹುಡುಕುವುದು. ಬುಡಕ್ಕೊಂದು ಕೋಶ, ಅದರ ಮೇಲೆ ಕುಳ್ಳಗಿನ ತೊಟ್ಟಿನಂಥ ಇನ್ನೊಂದು ಕೋಶ, ಅದಕ್ಕೊಂದು ಅಗಲವಾದ ತಲೆ. ಅಡ್ಡ ಕೊಯ್ದಾಗ ಆ ತಲೆ ಪೂರ್ತಿ ಕಾಣುವುದಿಲ್ಲ. ಇಡೀ ಎಲೆಯ ಚೂರನ್ನು ಮೇಲಿನಿಂದ ನೋಡಬೇಕು. ಆಗ ಒತ್ತಾಗಿ ಕೂತ ನಾಲ್ಕು ಕೋಶಗಳು ಕಾಣುತ್ತವೆ. ಪುದೀನದಲ್ಲಿ ಎಂಟು!

ಎಣ್ಣೆ ತಯಾರಾಗುವುದು ಈ ಕೋಶಗಳಲ್ಲಿ. ಆದರೆ ಅದು ಅಲ್ಲೇ ಉಳಿಯುವುದಿಲ್ಲ. ಹೊರಗೆ ಬಂದು, ಮೇಲಿರುವ ಕ್ಯುಟಿಕಲ್ ಎಂಬ ಮೇಣದಂಥ ತೆಳು ಪದರವನ್ನು ಗುಳ್ಳೆಯ ಹಾಗೆ ಉಬ್ಬಿಸಿ, ಅದರಡಿ ತುಂಬಿಕೊಳ್ಳುತ್ತದೆ. ಎಲೆ ಉಜ್ಜಿದಾಗ ಆ ಪದರ ಹರಿಯುತ್ತದೆ. ಘಮ ಬರುವುದು ಅದಕ್ಕೇ. ಆ ಎಣ್ಣೆ ಗಿಡದ ಸ್ವಂತ ಕೋಶಗಳಿಗೂ ಒಳ್ಳೆಯದಲ್ಲ. ಹೊರಗಿಟ್ಟರೆ ಗಿಡಕ್ಕೂ ಕ್ಷೇಮ, ಕಚ್ಚಲು ಬಂದ ಹುಳಕ್ಕೆ ಬಾಯಿಗೆ ಮೊದಲು ಸಿಗುವುದೂ ಅದೇ. ಎಷ್ಟು ಚೆನ್ನಾದ ಏರ್ಪಾಟು, ಅಲ್ವಾ? ಇದು ಅರ್ಥವಾದ ದಿನ ಆದ ಖುಷಿ ಇವತ್ತಿಗೂ ಹಾಗೇ ಇದೆ.

ಹತ್ತಿಯ ಎಳೆಯೂ ಬೀಜದ ಸಿಪ್ಪೆಯ ಮೇಲೆ ಬೆಳೆದ ರೋಮವೇ. ಎರಡು ಮೂರು ಸೆಂಟಿಮೀಟರ್ ಉದ್ದವಿದ್ದರೂ ಒಂದು ಎಳೆ ಅಂದರೆ ಒಂದೇ ಕೋಶ. ಇದನ್ನು ಕೇಳಿದಾಗ ಇಡೀ ಕ್ಲಾಸು ಬೆರಗಾಗಿತ್ತು.

ಎಲ್ಲ ಗ್ರಂಥಿಗೂ ಮೈಕ್ರೋಸ್ಕೋಪ್ ಬೇಕಿಲ್ಲ. ಹರಳು ಗಿಡದ ಎಲೆ ತೊಟ್ಟಿನ ಮೇಲೆ ಪುಟ್ಟ ಗಂಟುಗಳಿರುತ್ತವೆ. ಅವು ಸಿಹಿ ರಸ ಒಸರುತ್ತವೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಆ ರಸ ಇರುವೆಗಳನ್ನು ಕರೆಯುತ್ತದೆ. ಇರುವೆ ಓಡಾಡುವ ಕಡೆ ಎಲೆ ತಿನ್ನುವ ಹುಳಗಳಿಗೆ ಅಷ್ಟು ಸುಲಭವಿಲ್ಲ. ಕೈಲೆನ್ಸ್ ಹಿಡಿದು ಸುಮ್ನೆ ಹತ್ತು ನಿಮಿಷ ನೋಡಿದರೂ ಇರುವೆ ಒಂದು ಗಂಟಿಂದ ಇನ್ನೊಂದಕ್ಕೆ ಹೋಗುವುದು ಕಾಣುತ್ತದೆ.

ಈಗ ಓದುತ್ತಿರುವವರಿಗೆ ಒಂದು ಮಾತು. ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ನೋಡಲು ಎಲೆಯ ತಳಭಾಗಕ್ಕೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸುಲಿದರೆ ಅಚ್ಚು ಸಿಗುತ್ತದೆ. ರೋಮ ಜಾಸ್ತಿ ಇರುವ ಎಲೆಯಲ್ಲಿ ಅದು ಹರಿದುಹೋಗುತ್ತದೆ, ನುಣುಪಾದ ಎಲೆ ಆರಿಸಿ. ರೋಮ ನೋಡಬೇಕಾದರೆ ಎಳೆ ಎಲೆ ತನ್ನಿ. ಬಲಿತ ಎಲೆಯಲ್ಲಿ ಎಷ್ಟೋ ಉದುರಿರುತ್ತವೆ.