ನಕಲಾಗುವ ಹೊತ್ತಿನಲ್ಲೇ ಬೀಳುವ ಕಟ್ಟು

ಡಿಎನ್ಎ ನಕಲು ಪೂರ್ತಿಯಾದ ಮೇಲೆ ಕೋಶವು ಪ್ರತಿಯೊಂದು ವರ್ಣತಂತುವಿನ ಎರಡು ಪ್ರತಿಗಳನ್ನು ಹುಡುಕಿ ಜೋಡಿಸುತ್ತದೆ ಎಂದೇ ನಾನು ಬಹುಕಾಲ ನಂಬಿದ್ದೆ. ಯೀಸ್ಟ್‌ನಲ್ಲಿ ನಡೆದ ಪ್ರಯೋಗಗಳನ್ನು ಓದಿದಾಗ ಆ ನಂಬಿಕೆ ಉಳಿಯಲಿಲ್ಲ. 16 ವರ್ಣತಂತುಗಳಿರುವ ಈ ಪುಟ್ಟ ಕೋಶದಲ್ಲಿ ಸೋದರಿ ಕ್ರೊಮ್ಯಾಟಿಡ್‌ಗಳು, ಅಂದರೆ ಒಂದೇ ವರ್ಣತಂತುವಿನ ಆ ಎರಡು ಪ್ರತಿಗಳು, ರೂಪುಗೊಳ್ಳುತ್ತಿರುವಾಗಲೇ ಒಂದಕ್ಕೊಂದು ಕಟ್ಟುಬೀಳುತ್ತವೆ.

ಕಟ್ಟುವುದು ಕೋಹೆಸಿನ್ ಎಂಬ ಪ್ರೋಟೀನ್ ಉಂಗುರ. 1997ರಲ್ಲಿ ಕಿಮ್ ನಾಸ್ಮಿತ್ ಮತ್ತು ಡಗ್ಲಸ್ ಕೋಶ್‌ಲ್ಯಾಂಡ್ ಅವರ ತಂಡಗಳು ಬೇರೆ ಬೇರೆಯಾಗಿ ಯೀಸ್ಟ್‌ನಲ್ಲಿ ಇದರ ಘಟಕಗಳನ್ನು ಗುರುತಿಸಿದವು. ಎಸ್‌ಎಂಸಿ1 ಮತ್ತು ಎಸ್‌ಎಂಸಿ3 ಎಂಬ ನೀಳ ಪ್ರೋಟೀನ್‌ಗಳು ಒಂದು ಬದಿಯಲ್ಲಿ ಕೂಡಿಕೊಳ್ಳುತ್ತವೆ. ಇನ್ನೊಂದು ಬದಿಯಲ್ಲಿ ಬಿಡಿಯಾಗಿ ಉಳಿದ ಅವುಗಳ ತುದಿಗಳನ್ನು ಎಸ್‌ಸಿಸಿ1 ಎಂಬ ಮತ್ತೊಂದು ಪ್ರೋಟೀನ್ ಸೇರಿಸುತ್ತದೆ.

ಕಟ್ಟು ಇದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಾಣಬಹುದು. ವರ್ಣತಂತುವಿನ ಒಂದು ಗೊತ್ತಾದ ಜಾಗಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಅಂಟಿಸಿದರೆ, ಸೋದರಿಗಳು ಬಿಗಿಯಾಗಿ ಜೊತೆಗಿರುವ ಕೋಶದಲ್ಲಿ ಸೂಕ್ಷ್ಮದರ್ಶಕದಡಿ ಒಂದೇ ಚುಕ್ಕೆ ಕಾಣುತ್ತದೆ. ಅವು ಬೇರೆಯಾದರೆ ಚುಕ್ಕೆ ಎರಡಾಗುತ್ತದೆ.

ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳವಿರುವುದು 1998ರಲ್ಲಿ ಫ್ರಾಂಕ್ ಉಲ್‌ಮನ್ ಮತ್ತು ನಾಸ್ಮಿತ್ ಪ್ರಕಟಿಸಿದ ಪ್ರಯೋಗದಲ್ಲಿ. ನಕಲು ನಡೆಯುವಾಗ ಎಸ್‌ಸಿಸಿ1 ಸಿಗದಂತೆ ಮಾಡಿ, ನಕಲು ಮುಗಿದ ಬಳಿಕವಷ್ಟೇ ಅದನ್ನು ಒದಗಿಸಿದಾಗ, ಆ ಪ್ರೋಟೀನ್ ವರ್ಣತಂತುಗಳ ಮೇಲೆ ಹೋಗಿ ಕುಳಿತಿತು, ಆದರೂ ಸೋದರಿಗಳು ಕಟ್ಟಿಗೆ ಬೀಳಲಿಲ್ಲ. ಉಂಗುರ ಡಿಎನ್ಎ ಮೇಲಿರುವುದೇ ಬೇರೆ, ಎರಡು ಪ್ರತಿಗಳನ್ನು ಹಿಡಿದಿಡುವುದೇ ಬೇರೆ ಎಂಬುದು ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ತಿಳಿದ ಬಗೆಗೆ ನನಗೆ ಇಂದಿಗೂ ಮನದುಂಬಿದ ಮೆಚ್ಚುಗೆಯಿದೆ.

ನಕಲಿನ ಹೊತ್ತಿಗೆ ಅಂಥದ್ದೇನು ನಡೆಯುತ್ತದೆ? ಡಿಎನ್ಎ ಮೇಲೆ ಮೊದಲೇ ಕುಳಿತ ಉಂಗುರಗಳಲ್ಲಿ ಕೆಲವು, ನಕಲು ಯಂತ್ರ ಹಾದುಹೋಗುವಾಗ ಎರಡೂ ಪ್ರತಿಗಳನ್ನು ಒಳಗಿಟ್ಟುಕೊಳ್ಳುತ್ತವೆ. ಇನ್ನು ಕೆಲವು ಅಲ್ಲೇ ಹೊಸದಾಗಿ ಏರುತ್ತವೆ. ಅದೇ ಹೊತ್ತಿನಲ್ಲಿ, ನಕಲು ಯಂತ್ರದ ಭಾಗವಾದ ಪಿಸಿಎನ್ಎಯನ್ನು ಹಿಡಿಯಬಲ್ಲ ಇಕೋ1 ಎಂಬ ಕಿಣ್ವವು ಎಸ್‌ಎಂಸಿ3ರ 112 ಮತ್ತು 113ನೆಯ ಸ್ಥಾನಗಳಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳನ್ನು ಸೇರಿಸುತ್ತದೆ. ಡಬ್ಲ್ಯುಪಿಎಲ್1 ಎಂಬ ಪ್ರೋಟೀನ್ ಉಂಗುರವನ್ನು ಬಿಡಿಸದಂತೆ ಇದು ಕಾಯುತ್ತದೆ. ಇಕೋ1 ಇಲ್ಲದ ಯೀಸ್ಟ್ ಬದುಕುವುದಿಲ್ಲ. ಜೊತೆಗೆ ಡಬ್ಲ್ಯುಪಿಎಲ್1 ಅನ್ನೂ ತೆಗೆದರೆ ಬದುಕುತ್ತದೆ. ಆದರೆ ಅಂಥ ಕೋಶದಲ್ಲೂ ಸೋದರಿಗಳ ಕಟ್ಟು ಸಡಿಲವಾಗಿಯೇ ಇರುವುದರಿಂದ, ಇಕೋ1ರ ಕೆಲಸ ಬರೀ ಕಾವಲಿಗೆ ಮುಗಿಯುವುದಿಲ್ಲ ಎಂದು ನನಗನಿಸುತ್ತದೆ.

ಈ ಕಾಲನಿಯಮಕ್ಕೆ ಒಂದು ಅಪವಾದವುಂಟು. ನಕಲು ಮುಗಿದ ಮೇಲೆ ಡಿಎನ್ಎಯ ಎರಡೂ ಎಳೆಗಳು ತುಂಡಾದರೆ, ಸೋದರಿಗಳ ನಡುವೆ ಹೊಸ ಕಟ್ಟುಗಳು ಮೂಡುತ್ತವೆ. ಅಲ್ಲಿಯೂ ಇಕೋ1 ಬೇಕೇ ಬೇಕು.