ದಿನಾ ಓಡಿಸ್ತೀರಾ?

"ವೀಕೆಂಡ್ ಕಾರಾ?" ಈ ವಾರ ಆಫೀಸಿನ ಪಾರ್ಕಿಂಗಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಇದನ್ನೇ. ಅಲ್ಲ, ದಿನಾ ಇದರಲ್ಲೇ ಬರೋದು ಅಂದರೆ ಒಂದು ಕ್ಷಣ ಮುಖ ನೋಡುತ್ತಾರೆ. 1994ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಐದು ಗೇರು. ಗುಂಡಿ ಒತ್ತಿದರೆ ಕಪ್ಪೆಗಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. ನಮ್ಮ ಮ್ಯಾನೇಜರ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈ ದುಡ್ಡಿಗೆ ಒಂದು ಒಳ್ಳೆ ಕೊರೊಲಾ ಬರ್ತಿತ್ತಲ್ವಾ?" ಅಂದ. ಬರ್ತಿತ್ತು. ಅವನ ಲೆಕ್ಕ ಯಾವತ್ತೂ ತಪ್ಪೋದಿಲ್ಲ. ಅವನ ಜೊತೆ ಊಟಕ್ಕೆ ಹೋಗೋದು ಬೇಜಾರಾಗೋದೂ ಅದಕ್ಕೇ.

ಕಾರು ಸಿಕ್ಕಿದ್ದು ಇಲ್ಲೇ ಕ್ಯಾಲಿಫೋರ್ನಿಯಾದ ಲಿವರ್‌ಮೋರಿನಲ್ಲಿ. ಮಾರುತ್ತಿದ್ದವರು ನಿವೃತ್ತರಾದ ಮೇಷ್ಟ್ರು. ಮಂಡಿ ನೋವಂತೆ. ಈ ಕಾರಿನ ಎತ್ತರ ನಾಲ್ಕೇ ಅಡಿ. ಹತ್ತೋದಲ್ಲ, ಇಳಿಯೋದು ಕಷ್ಟ.

ಹಳೇ ಮಿಯಾಟಾ ನೋಡಲು ಹೋಗುವಾಗ ಒಂದು ಬಾಟಲಿ ನೀರು ತಗೊಂಡು ಹೋಗಬೇಕು. ಕುಡಿಯೋಕಲ್ಲ. ಸೀಟಿನ ಹಿಂದೆ, ಟಾಪು ಬಂದು ಸೇರುವ ಮೂಲೆಯಲ್ಲಿ ಎರಡೂ ಕಡೆ ಮಳೆನೀರು ಇಳಿದುಹೋಗಲು ತೂತು ಇರುತ್ತೆ. ಎಲೆ, ಕಸ ಸೇರಿ ಅದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ತಗಡಿನೊಳಗೆ ನಿಂತು ಒಳಗಿಂದಲೇ ತುಕ್ಕು ಹಿಡಿಸುತ್ತೆ. ಮೇಲೆ ಎಷ್ಟು ಪಾಲಿಶ್ ಹೊಡೆದರೂ ಅಷ್ಟೆ. ನಾನು ಬಾಟಲಿ ತೆಗೆದದ್ದು ನೋಡಿ ಮೇಷ್ಟ್ರಿಗೆ ಖುಷಿಯಾಯಿತು. "ನೀವು ಸುರೀರಿ, ನಾನು ನೋಡ್ತೀನಿ" ಅಂದವರೇ, ಮಂಡಿ ನೋವನ್ನೂ ಮರೆತು ಹಿಂದಿನ ಚಕ್ರದ ಪಕ್ಕ ನೆಲಕ್ಕೆ ಕೆನ್ನೆ ತಾಗೋ ಹಾಗೆ ಬಗ್ಗಿದರು. ನಾನು ನಿಧಾನವಾಗಿ ಸುರಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿಂದ "ಬಂತು, ಬಂತು" ಅಂತ ಕೂಗು. ಎದ್ದಾಗ ಒಂದು ಕಡೆ ಗಡ್ಡವೆಲ್ಲ ಒದ್ದೆ. ಇನ್ನೊಂದು ಕಡೆಯೂ ನಾನೇ ನೋಡ್ತೀನಿ ಅಂತ ಹಠ ಬೇರೆ.

ಉಳಿದದ್ದೆಲ್ಲ ಬೇಗ ಮುಗಿಯಿತು. ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿ ಇತ್ತು. ಹೊಗೆ ಮಿತಿಯೊಳಗಿದೆ ಅನ್ನೋ ಸ್ಮಾಗ್ ಸರ್ಟಿಫಿಕೇಟೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮಾಡಿಸಿ ಕೊಡೋದು ಮಾರುವವರ ಕೆಲಸ. ಇಲ್ಲಿ ಇಷ್ಟು ಹಳೇ ಕಾರನ್ನು ರೋಲರ್ ಮೇಲೆ ಓಡಿಸಿ ಹೊಗೆ ಅಳೆಯುತ್ತಾರೆ. ಪಾಸಾದರೆ ಆಯ್ತು, ವಯಸ್ಸು ಯಾರೂ ಕೇಳಲ್ಲ.

ದುಡ್ಡಿನ ಮಾತಿಗೆ ಬರುವ ಮೊದಲು ಮೇಷ್ಟ್ರು ಕೇಳಿದರು: "ಇದನ್ನು ದಿನಾ ಓಡಿಸ್ತೀರಾ, ಇಲ್ಲ ಮುಚ್ಚಿಡ್ತೀರಾ?"

"ದಿನಾ. ಫ್ರೀಮಾಂಟಿನಿಂದ ಸಾಂತಾ ಕ್ಲಾರಾಕ್ಕೆ. ಮಳೆ ಬಂದರೂ."

"ಹಾಗಾದ್ರೆ ನಿಮಗೇ."

ಇನ್ನೊಬ್ಬ ಬಂದಿದ್ದನಂತೆ. ಐನೂರು ಡಾಲರ್ ಜಾಸ್ತಿ ಕೊಡ್ತೀನಿ ಅಂದನಂತೆ. ಆದರೆ ಅವನಿಗೆ ಇದನ್ನು ಗರಾಜಿನಲ್ಲಿ ಕವರ್ ಹಾಕಿ ನಿಲ್ಲಿಸಿ, ರೇಟು ಏರಿದ ಮೇಲೆ ಮಾರಬೇಕಿತ್ತಂತೆ. ಅದಕ್ಕೇ ಕೊಡಲಿಲ್ಲ ಅಂದರು.

ನಾನು ನೈಲ್ಸ್ ಕ್ಯಾನಿಯನ್ ರಸ್ತೆಯಲ್ಲಿ ಟಾಪು ಇಳಿಸಿಕೊಂಡು, ಏನೋ ಗೆದ್ದವನ ಹಾಗೆ ಮನೆಗೆ ಬಂದೆ. ಹೆಂಡತಿ ಕಥೆಯೆಲ್ಲ ಕೇಳಿ ಒಂದೇ ಮಾತು ಹೇಳಿದಳು: "ಆ ಇನ್ನೊಬ್ಬನನ್ನ ನೋಡಿದ್ದು ಯಾರು? ನೀನು ಚೌಕಾಸಿ ಮಾಡದ ಹಾಗೆ ಬಾಯಿ ಮುಚ್ಚಿಸಿದ್ರು, ಅಷ್ಟೆ."

ಹೌದಲ್ವಾ? ಏಳು ಸಾವಿರ ಅಂದರು, ಏಳು ಸಾವಿರ ಕೊಟ್ಟೆ. ಒಂದು ಡಾಲರ್ ಕೂಡ ಇಳಿಸಿ ಅನ್ನಲಿಲ್ಲ. ಈಗ ಆಫೀಸಿನ ದಾರಿಯ 880 ಫ್ರೀವೇನಲ್ಲಿ ಕ್ಲಚ್ ತುಳಿದು ಬಿಟ್ಟು, ತುಳಿದು ಬಿಟ್ಟು ಎಡಗಾಲು ಸೋಲುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತೆ. ದಿನಾ ಓಡಿಸ್ತೀರಾ, ಮುಚ್ಚಿಡ್ತೀರಾ? ಪಕ್ಕದ ಲಾರಿಯ ಚಕ್ರದ ನಟ್ಟುಗಳು ನನ್ನ ಕಣ್ಣಿನ ಮಟ್ಟಕ್ಕೇ ಇರುತ್ತವೆ. ಅವುಗಳನ್ನೇ ನೋಡುತ್ತಾ ಯೋಚಿಸುತ್ತೇನೆ. ವ್ಯಾಪಾರದ ಮಾತೇ ಆದರೂ, ಎಂಥಾ ಮಾತು ಆರಿಸಿಕೊಂಡರು ನೋಡಿ.

ಅದರಲ್ಲಿ ಸುಳ್ಳಂತೂ ಇಲ್ಲ. ನಿಂತ ಕಾರೇ ಬೇಗ ಹಾಳಾಗೋದು. ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಬ್ರೇಕ್ ಕಚ್ಚಿಕೊಳ್ಳುತ್ತೆ, ಪೆಟ್ರೋಲ್ ಟ್ಯಾಂಕಿನಲ್ಲೇ ಕೆಡುತ್ತೆ. ಟೈರು ಹೊಸದರ ಹಾಗೆ ಕಂಡರೂ ಪಕ್ಕದಲ್ಲಿ ಬಿರುಕು ಬಿಟ್ಟಿರುತ್ತೆ. ಅದೂ ಇದು ಮುಚ್ಚಿಡೋಕೆ ಮಾಡಿದ ಕಾರೇ ಅಲ್ಲ. ಹಳೇ ಇಂಗ್ಲಿಷ್ ರೋಡ್‌ಸ್ಟರುಗಳ, ಅಂದರೆ ಟಾಪು ತೆರೆಯೋ ಎರಡು ಸೀಟಿನ ಕಾರುಗಳ ಮಜಾ ಇರಬೇಕು, ಆದರೆ ದಾರಿಯಲ್ಲಿ ಕೈಕೊಡಬಾರದು, ಮಾಮೂಲಿ ಜನ ಕೊಳ್ಳೋ ಹಾಗೂ ಇರಬೇಕು ಅಂತ ಹಿರೋಷಿಮಾದಲ್ಲಿ ಮಾಡಿದ್ದು. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ತೋರಿಸಿದರು. 2016ಕ್ಕೆ ಹತ್ತು ಲಕ್ಷ ತಯಾರಾಗಿತ್ತು. ಅಪರೂಪದ ವಸ್ತು ಅನ್ನೋಕೆ ಎಲ್ಲಿದೆ ಜಾಗ? ನನ್ನದರ ಶಕ್ತಿ 128 ಕುದುರೆ. ಇವತ್ತು ಮಕ್ಕಳನ್ನು ಸ್ಕೂಲಿಗೆ ಬಿಡೋ ವ್ಯಾನಿಗೇ ಅದಕ್ಕಿಂತ ಜಾಸ್ತಿ ಇರುತ್ತೆ. ಆದರೆ ಕಾರಿನ ತೂಕ ಸಾವಿರ ಕಿಲೋ ಚಿಲ್ಲರೆ, ಹಿಂದಿನ ಚಕ್ರ ತಳ್ಳುತ್ತೆ. ಫ್ರೀವೇ ಬಿಟ್ಟು ಇಳಿಯುವ ತಿರುವಿನಲ್ಲಿ ನಲವತ್ತು ಮೈಲಿ ವೇಗಕ್ಕೇ ನಗು ಬರುತ್ತೆ.

ನಮ್ಮ ಚಿಕ್ಕಪ್ಪನ ಹತ್ತಿರ ಪ್ರೀಮಿಯರ್ 118 ಎನ್‌ಇ ಕಾರು ಇತ್ತು, ದಾವಣಗೆರೆಯಲ್ಲಿ. ಆಯುಧಪೂಜೆಗೆ ಮಾತ್ರ ಕವರ್ ತೆಗೆಯೋರು. ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬೀದಿ ತುದಿವರೆಗೆ ಹೋಗಿ ವಾಪಸ್. ಮಕ್ಕಳು ಒಳಗೆ ಕಾಲಿಡೋ ಹಾಗಿಲ್ಲ, ಸೀಟಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಒಂದು ವರ್ಷ ಇಲಿ ವೈರೆಲ್ಲ ಕಡಿದು ಹಾಕಿತ್ತು. ಕಾರು ಆ ಪೂಜೆಗೂ ಸ್ಟಾರ್ಟ್ ಆಗಲಿಲ್ಲ, ಆಮೇಲೂ ಆಗಲಿಲ್ಲ. ಚಿಕ್ಕಪ್ಪ ಒಳ್ಳೆಯವರೇ, ಆದರೆ ಅವರ ಮನೆಯಲ್ಲಿ ಚೆನ್ನಾಗಿರೋದೆಲ್ಲ ಬೀಗದೊಳಗೇ ಇರ್ತಿತ್ತು.

ಅವರನ್ನು ಆಡಿಕೊಳ್ಳೋದು ಸುಲಭ. ಇಲ್ಲಿ ನಾವೇನು ಮಾಡ್ತಿದ್ದೀವಿ? ನನ್ನ ಗೆಳೆಯ ಬೆಂಗಳೂರಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡು ಬೀಗ ಹಾಕಿದ್ದಾನೆ. ಗೃಹಪ್ರವೇಶಕ್ಕೆ ಬಂದ ಮಿಕ್ಸಿ ಇನ್ನೂ ಡಬ್ಬದಲ್ಲೇ ಇದೆ. ಬಾಡಿಗೆಗೆ ಕೊಡಲ್ಲ, ಗೋಡೆ ಹಾಳಾಗುತ್ತಂತೆ. ವಾಪಸ್ ಹೋದ ಮೇಲೆ ಇರೋಕೆ ಬೇಕಂತೆ. ಇಲ್ಲಿ ಅವನ ಮನೆಯಲ್ಲಿ ಒಂದು ಒಳ್ಳೆ ಕುರ್ಚಿ ಇಲ್ಲ. ಹೇಗಿದ್ರೂ ಹೋಗ್ತೀವಲ್ಲ ಅಂತ. ಅಲ್ಲಿಯದ್ದು ಆಮೇಲಕ್ಕೆ, ಇಲ್ಲಿಯದ್ದು ಸದ್ಯಕ್ಕೆ. ಹೀಗೇ ಆ ಮನೆಗೂ ವಯಸ್ಸಾಯ್ತು, ಅವನಿಗೂ ಆಯ್ತು. ನಾನು ಅವನಿಗೆ ಇದನ್ನೆಲ್ಲ ಹೇಳೋಕೆ ಹೋಗಲ್ಲ. ನನ್ನದೂ ಮೈಸೂರಿನಲ್ಲಿ ಒಂದು ಸೈಟಿದೆ, ಗಿಡಗಂಟಿ ಬೆಳೆದುಕೊಂಡು.

ನಿನ್ನೆ ಕಾರು ಬಿಸಿಯಾದ ಮೇಲೆ ಎಣ್ಣೆ ಸುಟ್ಟ ವಾಸನೆ ಬಂತು. ಇಂಜಿನ್ನಿನ ಹಿಂದೆ, ಕೈ ಹೋಗದ ಕಡೆ ಒಂದು ಸೆನ್ಸರ್ ಇದೆ. ಅದರ ಸುತ್ತ ಒಂದು ಚಿಕ್ಕ ರಬ್ಬರ್ ರಿಂಗು. ವಯಸ್ಸಾದರೆ ಗಟ್ಟಿಯಾಗಿ ಸೋರುತ್ತೆ. ಈ ಕಾರುಗಳ ಮಾಮೂಲಿ ಕಾಯಿಲೆ. ಮೇಷ್ಟ್ರಿಗೆ ಫೋನ್ ಮಾಡಿದೆ. "ಅಯ್ಯೋ, ಹೊಸ ರಿಂಗ್ ತಂದಿಟ್ಟಿದ್ದೆ, ಕೊಡೋಕೆ ಮರೆತೆ. ಶನಿವಾರ ಬನ್ನಿ, ಹಾಕೋದು ತೋರಿಸ್ತೀನಿ" ಅಂದರು. ಆಮೇಲೆ, "ಇಲ್ಲಿವರೆಗೆ ಎಷ್ಟು ಓಡಿಸಿದ್ರಿ?" ಮೀಟರ್ ನೋಡಿ ಹೇಳಿದೆ. "ಪರವಾಗಿಲ್ಲ" ಅಂದರು, ಹೋಮ್‌ವರ್ಕ್ ನೋಡಿ ಸಹಿ ಹಾಕುವ ದನಿಯಲ್ಲಿ. ಆ ಇನ್ನೊಬ್ಬನ ವಿಷಯ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಶನಿವಾರ ಹೆಂಡತಿಯೂ ಬರ್ತಾಳಂತೆ. ಕಾರಿಗಾಗಿ ಅಲ್ಲ. ಆ ಮನುಷ್ಯನನ್ನ ಒಂದ್ಸಲ ಎದುರಿಗೆ ಕೂರಿಸಿಕೊಂಡು ಕೇಳಬೇಕಂತೆ.