ಡಿಕ್ಕಿಯಲ್ಲಿ ಮಲಗಿ ಬಂದ ಸೈಕಲ್

ಸಂಕ್ರಾಂತಿಗೆ ವಿಜಯಪುರಕ್ಕೆ ಹೊರಟಾಗ ಸೈಕಲ್ಲೂ ಜೊತೆಗಿರಲಿ ಅನ್ನಿಸಿತು. ಸಿದ್ಧೇಶ್ವರ ಜಾತ್ರೆ, ಅಕ್ಕನ ಮನೆ ಊಟ ಎಲ್ಲ ಸರಿ, ಆದರೆ ಬೆಳಗಿನ ಚಳಿಯಲ್ಲಿ ಕೊಲ್ಹಾರದ ಕೃಷ್ಣಾ ಸೇತುವೆ ಕಡೆ ಸೈಕಲ್ ಬಿಡುವ ಮಜಾನೇ ಬೇರೆ. ಬೆಂಗಳೂರಿನಲ್ಲಿ ಎರಡೂ ಗಾಲಿ ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಿದೆವು. ಊರಿಗೆ ಹೋಗುವ ಕಾರು, ಕೇಳಬೇಕೇ? ಅದರ ಮೇಲೆ ಒಂದೊಂದೇ ಬ್ಯಾಗ್ ಏರಿತು.

ಮರುದಿನ ಗೋಳಗುಮ್ಮಟ ದಾಟುವಷ್ಟರಲ್ಲೇ ಕಿರಿಕಿರಿ ಶುರು. ಗೇರ್ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಪಕ್ಕದ ಹಲ್ಲಿಗೆ, ಅಂದರೆ ಪಕ್ಕದ ಹಲ್ಲುಚಕ್ರಕ್ಕೆ, ಹತ್ತುತ್ತದೆ, ಕೇಳದೆಯೇ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಹಲ್ಲಿಗೆ ಹಾಕಿದಾಗ ಡಿರೇಲರ್, ಅಂದರೆ ಚೈನನ್ನು ಆಚೀಚೆ ಸರಿಸಿ ಗೇರ್ ಬದಲಿಸುವ ಹಿಂದಿನ ಭಾಗ, ಗಾಲಿಯ ಕಡ್ಡಿಗಳಿಗೆ ತಗುಲುವ ಟಿಕ್ ಟಿಕ್ ಸದ್ದು. ಈ ಸದ್ದು ಕೇಳಿದ ಮೇಲೆ ಮುಂದೆ ಹೋಗಬಾರದು. ಡಿರೇಲರ್ ಕಡ್ಡಿಯೊಳಗೆ ಸಿಕ್ಕಿಕೊಂಡರೆ ಅದೂ ಹೋಯಿತು, ಗಾಲಿಯೂ ಹೋಯಿತು. ಸಣ್ಣ ಹಲ್ಲಿನಲ್ಲೇ ಮೆಲ್ಲಗೆ ವಾಪಸ್ ಬಂದೆ.

ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಹುಡುಗರಿಗೇನು ಬರವೇ? ಅಕ್ಕನ ಮಗನೂ ಅದೇ ಹುಚ್ಚಿನವನು. ಅಂಗಳದಲ್ಲಿ ಭಾವ ಆಗಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು.

"ಅಪ್ಪಾ, ಆ ಸ್ಕ್ರೂ ಮುಟ್ಟಬ್ಯಾಡ್ರಿ. ಕಾರಿನ್ಯಾಗ ಸ್ಕ್ರೂ ತಾನಾಗೇ ತಿರಗತಾವೇನ್ರಿ?"

ನಿಜ ಅಲ್ವಾ? ಡಿರೇಲರ್ ಮೇಲೆ ಎಚ್, ಎಲ್ ಅಂತ ಗುರುತಿರುವ ಆ ಎರಡು ಸ್ಕ್ರೂ ಚೈನ್ ಎಲ್ಲಿಯವರೆಗೆ ಹೋಗಬೇಕು ಅನ್ನುವ ಮಿತಿ ಹಾಕುತ್ತವೆ, ಅಷ್ಟೇ. ನಿನ್ನೆವರೆಗೆ ಸರಿಯಿದ್ದ ಮಿತಿ ರಾತ್ರೋರಾತ್ರಿ ಕೆಡುವುದಿಲ್ಲ. ಪ್ರಯಾಣದಲ್ಲಿ ಕೆಡುವುದೇ ಬೇರೆ. ಹುಡುಗ ಮೊದಲು ಸೈಕಲ್ ನೆಲಕ್ಕೆ ಊರಿ ನಿಲ್ಲಿಸಿ, ಹಿಂದಿನ ಗಾಲಿ ಸಡಿಲಿಸಿ ಮತ್ತೆ ಬಿಗಿದ. ಗಾಲಿ ನೆಟ್ಟಗೆ ಕೂತಿರದಿದ್ದರೂ ಗೇರ್ ಹೀಗೇ ಆಡುತ್ತದೆ. ಆಮೇಲೆ ಗೇರ್ ಕೇಬಲ್ಲಿನ ಹೊದಿಕೆ ಫ್ರೇಮಿನ ಕೊಂಡಿಯಿಂದ ಜಾರಿದೆಯಾ ಅಂತ ನೋಡಿದ. ಜಾರಿರಲಿಲ್ಲ. ಕೊನೆಗೆ ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. "ಹ್ಯಾಂಗರ್ ಬಾಗೇತಿ ಮಾಮಾ."

ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಮೆತ್ತಗೆ ಮಾಡಿರುತ್ತಾರೆ. ನನ್ನದು ಹಿಂದೆ ಹತ್ತು ಹಲ್ಲುಚಕ್ರದ ಸೈಕಲ್. ಒಂದರಿಂದ ಇನ್ನೊಂದಕ್ಕೆ ಅಂತರ ಸುಮಾರು 4 ಮಿಲಿಮೀಟರ್. ಹ್ಯಾಂಗರ್ ಕೂದಲೆಳೆಯಷ್ಟು ವಾಲಿದರೂ ಲೆಕ್ಕ ತಪ್ಪುತ್ತದೆ.

ಅದನ್ನು ನೇರ ಮಾಡುವ ಗೇಜ್ ಮನೆಯಲ್ಲಿ ಎಲ್ಲಿಂದ ಬರಬೇಕು? ಹುಡುಗ ಅಟ್ಟದಿಂದ ಹಳೇ ಗೇರ್ ಸೈಕಲ್ಲಿನ ಹಿಂದಿನ ಗಾಲಿ ಇಳಿಸಿದ. ಅದರ ಆಕ್ಸಲ್ 10 ಮಿಲಿಮೀಟರಿನದು, ಹ್ಯಾಂಗರ್ ತೂತಿನ ತಿರುಪಿನ ಅಳತೆಯೂ ಅದೇ. ಡಿರೇಲರ್ ಬಿಚ್ಚಿ, ಆ ತೂತಿಗೆ ಗಾಲಿಯನ್ನೇ ತಿರುಗಿಸಿ ಕೂರಿಸಿದ. ಈಗ ಎರಡು ಗಾಲಿ ಅಕ್ಕಪಕ್ಕ. ಎರಡು ರಿಮ್ ನಡುವೆ ಪೆನ್ಸಿಲ್ ಹಿಡಿದು ಅಳೆದರೆ ಮೇಲೆ ಅಂತರ ಜಾಸ್ತಿ, ಕೆಳಗೆ ಕಡಿಮೆ. ಹೊರಗಿನ ಗಾಲಿಯ ಕೆಳಭಾಗ ಹಿಡಿದು ಮೆತ್ತಗೆ ಎಳೆದ. ಅಳೆದ, ಮತ್ತೆ ಚೂರು ಎಳೆದ. ಅವಸರ ಮಾಡಲಿಲ್ಲ, ಅಲ್ಯೂಮಿನಿಯಂ ಆಚೀಚೆ ಬಾಗಿಸಿದರೆ ಮುರಿದೇ ಹೋಗುತ್ತದೆ. ಅಂತರ ಸುತ್ತಲೂ ಸಮ ಬಂದ ಮೇಲೆ ಡಿರೇಲರ್ ಹಾಕಿ, ಕೇಬಲ್ ತುದಿಯ ಅಡ್ಜಸ್ಟರನ್ನು ಅರ್ಧ ಸುತ್ತು ತಿರುಗಿಸಿದ. ಚೈನ್ ಸದ್ದಿಲ್ಲದೆ ಹತ್ತಿ ಇಳಿಯಿತು. ಸ್ಕ್ರೂಡ್ರೈವರಿಗೆ ಕೆಲಸವೇ ಬೀಳಲಿಲ್ಲ. ಭಾವನಿಗೆ ಸ್ವಲ್ಪ ಬೇಜಾರೇ ಆಯಿತು ಅನ್ನಿಸುತ್ತದೆ.

ವಾಪಸ್ ಬರುವಾಗ ಚೈನನ್ನು ಸಣ್ಣ ಹಲ್ಲಿಗೆ ಇಳಿಸಿ, ಗೇರ್ ಇರುವ ಮಗ್ಗುಲು ಮೇಲೆ ಮಾಡಿ ಮಲಗಿಸಿದೆವು. ಅಕ್ಕ ಕೊಟ್ಟ ರೊಟ್ಟಿ ಗಂಟು, ಶೇಂಗಾ ಹಿಂಡಿ ಎಲ್ಲ ನಮ್ಮ ಕಾಲಬುಡದಲ್ಲಿ. ಒಮ್ಮೆ ಬಾಗಿದ ಹ್ಯಾಂಗರಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಒಂದೊಂದು ಫ್ರೇಮಿಗೆ ಒಂದೊಂದು ನಮೂನೆ, ಅಂಗಡಿಗೆ ಹೋದ ಕೂಡಲೇ ಸಿಗುವ ವಸ್ತುವೂ ಅಲ್ಲ. ಮನೆಗೆ ಬಂದು ನನ್ನ ಮಾಡೆಲ್ಲಿಗೆ ಕೂರುವಂಥದ್ದು ಒಂದು ತರಿಸಿ, ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಟ್ಟಿದ್ದೇನೆ.